ಒಡಹುಟ್ಟಿದವರ ಪಾಲು

ನಾವು ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಗುಮಾಸ್ತರು. ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ನಮೂನೆಗಳನ್ನು ತುಂಬಿ, ಬೇರೆಯವರಿಂದ ತುಂಬಿಸಿ, ತಪ್ಪಿದ್ದರೆ ಹಿಂದಕ್ಕೆ ಕಳಿಸಿ ಹೊಟ್ಟೆ ಹೊರೆದುಕೊಂಡವರು. ಆದ್ದರಿಂದ ಒಂದು ನಮೂನೆಯಲ್ಲಿ ಏನಿದೆ ಎಂಬುದಕ್ಕಿಂತ ಏನಿಲ್ಲ ಎಂಬುದು ನಮ್ಮ ಕಣ್ಣಿಗೆ ಬೇಗ ಬೀಳುತ್ತದೆ. 2004ನೆಯ ಇಸವಿಯ ಮಳೆಗಾಲದಲ್ಲಿ ನಮ್ಮ ತಮ್ಮನನ್ನು ಮೊದಲ ಸಲ ಒಂದು ಮಾನಸಿಕ ಚಿಕಿತ್ಸಾಲಯಕ್ಕೆ ಕರೆದುಕೊಂಡು ಹೋದಾಗ ಕೈಗೆ ಒಂದು ಕಾಗದ ಕೊಟ್ಟರು. ‘ರೋಗಿಗೆ ಸಂಬಂಧ’ ಎಂಬ ಸಾಲಿನ ಮುಂದೆ ತಂದೆ, ತಾಯಿ, ಗಂಡ, ಹೆಂಡತಿ, ಮಗ ಎಂದು ಅಚ್ಚಾಗಿತ್ತು. ಬೇಡವಾದುದನ್ನು ಹೊಡೆದುಹಾಕಬೇಕು. ನಾವು ಐದನ್ನೂ ಹೊಡೆದುಹಾಕಿ, ಅಂಚಿನಲ್ಲಿ ‘ಅಣ್ಣ’ ಎಂದು ಬರೆದು ಕೊಟ್ಟೆವು.

ನಮ್ಮ ಊರು ಹಾವೇರಿ ಜಿಲ್ಲೆಯದು. ತಂದೆ ಪ್ರಾಥಮಿಕ ಶಾಲೆಯ ಮಾಸ್ತರರು. ಮನೆಯಲ್ಲಿ ನಾವು ಹಿರಿಯರು, ನಮ್ಮ ಬೆನ್ನಿಗೆ ತಂಗಿ, ಕೊನೆಯವನು ತಮ್ಮ. ಬಿ.ಎಸ್ಸಿ. ಮುಗಿಸಿ, ಪರೀಕ್ಷೆ ಬರೆದು, 2003ರಲ್ಲಿ ಕೆಲಸಕ್ಕೆ ಸೇರಿ ನಾವು ಮುಂಬಯಿಗೆ ಬಂದೆವು. ಮರುವರ್ಷವೇ, ಡಿಪ್ಲೊಮಾ ಓದುತ್ತಿದ್ದ ತಮ್ಮ ಕೋಣೆಯ ಬಾಗಿಲು ಹಾಕಿಕೊಂಡು ಕೂತ. ಯಾರೋ ತನ್ನನ್ನೇ ಕುರಿತು ಮಾತನಾಡಿಕೊಳ್ಳುತ್ತಿದ್ದಾರೆ ಎನ್ನತೊಡಗಿದ. ಊರವರು ಗಾಳಿ ಎಂದರು, ಮಾಟ ಎಂದರು, ಮದುವೆ ಮಾಡಿದರೆ ಎಲ್ಲ ನೆಟ್ಟಗಾಗುತ್ತದೆ ಎಂದರು. ವೈದ್ಯರು ಸ್ಕಿಜೋಫ್ರೇನಿಯಾ ಎಂದರು. ಇಲ್ಲಿ ಸಂಘದ ಕಾರ್ಯಕ್ರಮಗಳಲ್ಲಿ ಯಾರಾದರೂ “ತಮ್ಮ ಏನ್ ಮಾಡ್ತಾನ್ರೀ?” ಎಂದು ಕೇಳಿದರೆ “ಊರಾಗ ಹೊಲಾ ನೋಡ್ಕೊಂಡಿದ್ದಾನ್ರಿ” ಎಂದು ನಾವು ಹತ್ತು ವರ್ಷ ಹೇಳಿದೆವು.

ತೀವ್ರ ಮಾನಸಿಕ ರೋಗ ಹೊಕ್ಕ ಮನೆಗಳಲ್ಲಿ ಅಣ್ಣತಮ್ಮಂದಿರು, ಅಕ್ಕತಂಗಿಯರು ಹೇಗೆ ಬಾಳಿದರು, ಅವರ ಮನಸ್ಸಿಗೆ ಯಾರು ಆಸರೆಯಾದರು ಎಂದು ನಾವು ಆಮೇಲೆ ಓದಿ ತಿಳಿಯಲು ಹೊರಟೆವು. ರೋಗಿಗಳ ಚರಿತ್ರೆ ಸಿಗುತ್ತದೆ, ವೈದ್ಯರದು ಸಿಗುತ್ತದೆ, ಔಷಧಿಗಳದ್ದಂತೂ ಧಾರಾಳವಾಗಿ ಸಿಗುತ್ತದೆ. ಒಡಹುಟ್ಟಿದವರದು ಮಾತ್ರ ಅಲ್ಲೊಂದು ಇಲ್ಲೊಂದು ಸಾಲು. ಅಂಥ ಸಾಲುಗಳನ್ನು ಕೂಡಿಸಿ ವಾಚಕರ ಮುಂದಿಡುತ್ತಿದ್ದೇವೆ. ನಾವು ವೈದ್ಯರಲ್ಲ ಎಂಬುದನ್ನು ಮೊದಲಿಗೇ ಹೇಳಿಬಿಡುವುದು ಒಳ್ಳೆಯದು.

ಹುಡುಕಿದವರಲ್ಲಿ ನಮಗೆ ಎಲ್ಲರಿಗಿಂತ ಮೊದಲು ಸಿಕ್ಕವನು ನಮ್ಮಂತೆಯೇ ಒಬ್ಬ ಗುಮಾಸ್ತ. ಅದೂ ಹಿಂದುಸ್ಥಾನದ ಲೆಕ್ಕ ಬರೆದ ಗುಮಾಸ್ತ. ಹೆಸರು ಚಾರ್ಲ್ಸ್ ಲ್ಯಾಂಬ್. ಷೇಕ್ಸ್‌ಪಿಯರನ ನಾಟಕಗಳನ್ನು ಮಕ್ಕಳಿಗಾಗಿ ಕಥೆ ಮಾಡಿದ ಲ್ಯಾಂಬನನ್ನು ನಮ್ಮ ತಲೆಮಾರಿನವರು ಶಾಲೆಯಲ್ಲಿ ಓದಿರುತ್ತಾರೆ. 1807ರಲ್ಲಿ ಅಚ್ಚಾದ ಆ ಪುಸ್ತಕದ ಇಪ್ಪತ್ತು ಕಥೆಗಳಲ್ಲಿ ಹದಿನಾಲ್ಕನ್ನು ಬರೆದವಳು ಅವನ ಅಕ್ಕ ಮೇರಿ. ಮೊದಲ ಮುದ್ರಣದ ಮೇಲೆ ಅವಳ ಹೆಸರೇ ಇರಲಿಲ್ಲ. ಅವಳಿಗೆ ತೀವ್ರ ಮಾನಸಿಕ ರೋಗವಿತ್ತೆಂದು ಶಾಲೆಯಲ್ಲಿ ನಮಗೆ ಯಾರೂ ಹೇಳಲಿಲ್ಲ.

ಚಾರ್ಲ್ಸ್ ಹುಟ್ಟಿದ್ದು 1775ರಲ್ಲಿ, ಲಂಡನ್ನಿನಲ್ಲಿ. ಮೇರಿ ಅವನಿಗಿಂತ ಹತ್ತು ವರ್ಷ ದೊಡ್ಡವಳು. ಅವನನ್ನು ಎತ್ತಿ ಆಡಿಸಿದವಳು. 1792ರಲ್ಲಿ ಅವನು ಈಸ್ಟ್ ಇಂಡಿಯಾ ಕಂಪನಿಯ ಲೆಕ್ಕಪತ್ರ ವಿಭಾಗಕ್ಕೆ ಸೇರಿದ. ಮುದಿ ತಂದೆ, ಹಾಸಿಗೆ ಹಿಡಿದ ತಾಯಿ, ಬಡತನ. ಮೇರಿ ಹಗಲೆಲ್ಲ ಹೊಲಿಗೆಯ ಕೆಲಸ ಮಾಡಿ ರಾತ್ರಿ ತಾಯಿಯ ಆರೈಕೆ ಮಾಡುತ್ತಿದ್ದಳು. 1796ರ ಸೆಪ್ಟೆಂಬರ್ 22ರಂದು ಅವಳಿಗೆ ಚಿತ್ತಭ್ರಮೆ ಕೆರಳಿ, ಕೈಯಲ್ಲಿದ್ದ ಚೂರಿಯಿಂದ ತಾಯಿಯನ್ನೇ ಇರಿದಳು. ತಾಯಿ ಸತ್ತಳು. ಅವಳ ಕೈಯಿಂದ ಚೂರಿ ಕಿತ್ತುಕೊಂಡವನು ಇಪ್ಪತ್ತೊಂದು ವರ್ಷದ ಚಾರ್ಲ್ಸ್. ವಿಚಾರಣೆ ಮಾಡಿದ ಪಂಚರು ಇದು ಬುದ್ಧಿವಿಕಲ್ಪದ ಕೃತ್ಯವೆಂದು ತೀರ್ಮಾನಿಸಿದರು. ಮೇರಿಯನ್ನು ಒಂದು ಖಾಸಗಿ ಹುಚ್ಚಾಸ್ಪತ್ರೆಯಲ್ಲಿ ಇಟ್ಟರು.

ಈಗ ಮನೆಯಲ್ಲಿ ಪ್ರಶ್ನೆ ಬಂತು: ಇವಳನ್ನು ಏನು ಮಾಡುವುದು? ಹಿರಿಯ ಅಣ್ಣ ಜಾನ್ ಅವಳನ್ನು ಶಾಶ್ವತವಾಗಿ ಆಸ್ಪತ್ರೆಯಲ್ಲೇ ಇರಿಸಬೇಕೆಂಬ ಪಕ್ಷದವನು. ಕಿರಿಯವನು ಒಪ್ಪಲಿಲ್ಲ. ಅವಳ ಹೊಣೆ ನನ್ನದು ಎಂದು ಬರೆದುಕೊಟ್ಟು ಬಿಡಿಸಿಕೊಂಡು ಬಂದ. 1799ರಲ್ಲಿ ತಂದೆ ತೀರಿಕೊಂಡ ಮೇಲೆ ತನ್ನ ಮನೆಗೇ ಕರೆತಂದ. ಅದೇ ವರ್ಷ ಶ್ರೀರಂಗಪಟ್ಟಣ ಕಂಪನಿಯ ಕೈಗೆ ಬಿತ್ತು. ನಮ್ಮ ನಾಡಿನ ಗತಿ ತಿರುಗಿದ ಆ ವರ್ಷದಲ್ಲಿ, ಅದೇ ಕಂಪನಿಯ ಒಂದು ಮೇಜಿನ ಮುಂದೆ ಕೂತ ಗುಮಾಸ್ತನಿಗೆ ದೊಡ್ಡ ಚಿಂತೆಯೆಂದರೆ ಸಂಜೆ ಮನೆಗೆ ಹೋದಾಗ ಅಕ್ಕ ಹೇಗಿರುತ್ತಾಳೋ ಎಂಬುದು.

ಮುಂದಿನ ಮೂವತ್ತೈದು ವರ್ಷ ಹೀಗೆಯೇ ನಡೆಯಿತು. ಮೇರಿ ತಿಂಗಳುಗಟ್ಟಲೆ ಚೆನ್ನಾಗಿರುವಳು. ಓದುವಳು, ಬರೆಯುವಳು, ಬಂದವರಿಗೆ ಉಪಚಾರ ಮಾಡುವಳು. ಮತ್ತೆ ರೋಗ ಮರುಕಳಿಸುವುದು. ಬರುವ ಮುನ್ಸೂಚನೆ ಇಬ್ಬರಿಗೂ ತಿಳಿಯುತ್ತಿತ್ತು. ಅಕ್ಕ ತಮ್ಮ ಕೈ ಹಿಡಿದುಕೊಂಡು, ಅಳುತ್ತ, ಹೊಲದ ಕಾಲುದಾರಿಯಲ್ಲಿ ಆಸ್ಪತ್ರೆಯ ಕಡೆಗೆ ನಡೆದು ಹೋಗುತ್ತಿದ್ದುದನ್ನು ಒಬ್ಬ ಸ್ನೇಹಿತ ಕಂಡು ಹೇಳಿದ್ದಾನೆ. ಊರಿಗೆ ಹೊರಟರೆ ರೋಗಿಯ ಕೈಕಟ್ಟುವ ಅಂಗಿಯನ್ನು ಮೇರಿ ತಾನೇ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುತ್ತಿದ್ದಳಂತೆ. ಚಾರ್ಲ್ಸ್ ಮದುವೆಯಾಗಲಿಲ್ಲ. 1819ರಲ್ಲಿ ಫ್ಯಾನಿ ಕೆಲ್ಲಿ ಎಂಬ ನಟಿಯನ್ನು ಕೇಳಿದ, ಆಕೆ ಒಲ್ಲೆನೆಂದಳು.

ಇದನ್ನೆಲ್ಲ ತ್ಯಾಗದ ಕಥೆಯೆಂದು ಹೊಗಳಿ ಮುಗಿಸಿಬಿಡಬಹುದು. ಬಹಳ ಜನ ಹಾಗೆಯೇ ಮುಗಿಸಿದ್ದಾರೆ. ಆದರೆ ಲ್ಯಾಂಬನ ಪತ್ರಗಳು ಉಳಿದುಬಂದಿವೆ. 1800ನೆಯ ಇಸವಿಯ ಮೇ ತಿಂಗಳಲ್ಲಿ ಮನೆಯ ಮುದಿ ಆಳು ಸತ್ತು, ಮೇರಿಗೆ ರೋಗ ಮರುಕಳಿಸಿ, ಅವನು ಖಾಲಿ ಮನೆಯಲ್ಲಿ ಒಬ್ಬನೇ ಕೂತು ಗೆಳೆಯ ಕೋಲ್‌ರಿಜ್‌ಗೆ ಬರೆದ ಪತ್ರದಲ್ಲಿ, ಜನ ನಮ್ಮನ್ನು ಗುರುತು ಹಾಕಿಟ್ಟಿದ್ದಾರೆ ಎಂಬ ನಾಚಿಕೆಯಿದೆ. ಅಕ್ಕ ಸತ್ತೇಹೋಗಿದ್ದರೆ ಎಂಬ ಹಾರೈಕೆಯೂ ಇದೆ. ಜೀವಕ್ಕಿಂತ ಹೆಚ್ಚಾಗಿ ಪ್ರೀತಿಸಿದ ಅಕ್ಕನ ಬಗ್ಗೆ ಬಂದ ಮಾತು ಅದು. ಅವನಿಗೆ ಇನ್ನೊಂದು ಭಯವೂ ಇತ್ತು. ತಾಯಿಯ ಸಾವಿಗೆ ಕೆಲವೇ ತಿಂಗಳ ಮುಂಚೆ ಅವನು ಸ್ವತಃ ಆರು ವಾರ ಹುಚ್ಚಾಸ್ಪತ್ರೆಯಲ್ಲಿ ಇದ್ದು ಬಂದಿದ್ದ. ಕುಡಿತಕ್ಕೂ ಬಿದ್ದ.

ನಾಚಿಕೆ, ದಣಿವು, ಸಿಟ್ಟು, ಆ ಸಿಟ್ಟಿಗಾಗಿ ಪಶ್ಚಾತ್ತಾಪ, ನನಗೂ ಬಂದೀತೆಂಬ ಹೆದರಿಕೆ. ಇಂದಿನ ಮನೋವಿಜ್ಞಾನದ ಪುಸ್ತಕಗಳು ಒಡಹುಟ್ಟಿದವರ ಬಗ್ಗೆ ಹಾಕುವ ಪಟ್ಟಿಯೂ ಇದೇ. ನಾವು ಆ ಪತ್ರದ ಸಂಗತಿಯನ್ನು ಓದಿದ ದಿನ ಪುಸ್ತಕ ಮುಚ್ಚಿ ಬಹಳ ಹೊತ್ತು ಕೂತೆವು. 2008ರಲ್ಲಿ ಒಂದು ರಾತ್ರಿ, ತಮ್ಮ ಊರು ಬಿಟ್ಟು ಹೋಗಿದ್ದಾನೆ, ಎರಡು ದಿನದಿಂದ ಪತ್ತೆಯಿಲ್ಲ ಎಂದು ಫೋನು ಬಂದಾಗ, ರಿಸರ್ವೇಶನ್ ಇಲ್ಲದೆ ರೈಲಿನ ಬಾಗಿಲಲ್ಲಿ ನಿಂತು ಹೋಗುತ್ತ ನಮ್ಮ ಮನಸ್ಸಿನಲ್ಲೂ ಅದೇ ಹಾರೈಕೆ ಬಂದಿತ್ತು. ಮೂರನೆಯ ದಿನ ಅವನು ಸಿಕ್ಕ. ಆದರೆ ಆ ಮಾತನ್ನು ನಾವು ಹೆಂಡತಿಗೂ ಹೇಳಿರಲಿಲ್ಲ.

ಲ್ಯಾಂಬನಿಗೆ ವೈದ್ಯರಿಂದ ಆಸರೆ ಸಿಗಲಿಲ್ಲ. ಅಂಥ ಶಾಸ್ತ್ರವೇ ಆಗ ಇರಲಿಲ್ಲ. ಅವನನ್ನು ಉಳಿಸಿದ್ದು ಗೆಳೆಯರು, ಬರೆವಣಿಗೆ, ಮತ್ತು ವಾರದ ದಿನಗಳ ಕಚೇರಿ. ನಡೆದದ್ದನ್ನು ಮುಚ್ಚಿಡದೆ ಹೇಳಿಕೊಳ್ಳಲು ಕೆಲವರಾದರೂ ಇದ್ದರು. 1825ರ ಮಾರ್ಚಿನಲ್ಲಿ, ಮೂವತ್ತಮೂರು ವರ್ಷದ ಚಾಕರಿಯ ನಂತರ ಕಂಪನಿ ಅವನಿಗೆ ನಿವೃತ್ತಿ ಕೊಟ್ಟಿತು. ವರ್ಷಕ್ಕೆ 450 ಪೌಂಡ್ ಪಿಂಚಣಿ. ಅದರಲ್ಲಿ 9 ಪೌಂಡ್ ಕಡಿತ: ತಾನು ಮೊದಲು ಸತ್ತರೆ ಅಕ್ಕನಿಗೆ ಜೀವನಾಂಶ ಸಿಗಲೆಂದು. ಅವನು 1834ರ ಡಿಸೆಂಬರಿನಲ್ಲಿ ತೀರಿಕೊಂಡ; ಮೇರಿ 1847ರವರೆಗೆ ಬದುಕಿದಳು. ಆ ಒಂಬತ್ತು ಪೌಂಡಿನ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಮತ್ತೆ ಬರುತ್ತದೆ.

ಇನ್ನು ನಮ್ಮ ಕಡೆಗೆ ಬರೋಣ. 19ನೆಯ ಶತಮಾನದ ನಡುಭಾಗದಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡದಲ್ಲೂ ಮೈಸೂರು ಸೀಮೆಯ ಬೆಂಗಳೂರಿನಲ್ಲೂ ಹುಚ್ಚಾಸ್ಪತ್ರೆಗಳು ಎದ್ದವು. ಇಲ್ಲಿ ನಮ್ಮ ಪಕ್ಕದ ಠಾಣೆಯದು 1901ರದು. 1858ರಲ್ಲಿ ಒಂದು ಕಾಯಿದೆ, 1912ರಲ್ಲಿ ಇನ್ನೊಂದು ಬಂದವು. ಕಾಯಿದೆಯ ದೃಷ್ಟಿಯಲ್ಲಿ ಸಂಬಂಧಿಕನೆಂದರೆ ಅರ್ಜಿ ಹಾಕುವವನು, ಸಹಿ ಮಾಡುವವನು. ಗೋಡೆಯ ಒಳಗೆ ಬಿಟ್ಟು ಬಂದ ಮೇಲೆ ಅವನ ಕೆಲಸ ಮುಗಿಯಿತು. ಗೋಡೆಯ ಹೊರಗೆ ಉಳಿದ ಅಸಂಖ್ಯ ರೋಗಿಗಳನ್ನು ಮನೆಯವರೇ ನೋಡಿಕೊಂಡರು. ಒಟ್ಟು ಕುಟುಂಬದಲ್ಲಿ ಅಡಿಗೆಮನೆಗೆ ಹತ್ತಿದ ಕತ್ತಲೆ ಕೋಣೆಯಲ್ಲೊಬ್ಬ ಚಿಕ್ಕಪ್ಪ ಇರುವುದು, ಅವನಿಗೆ ಹೊತ್ತಿಗೆ ಸರಿಯಾಗಿ ತಾಟು ಹೋಗುವುದು ನಮ್ಮ ಹಿರಿಯರಿಗೆ ಹೊಸದಲ್ಲ. ತಾಟು ಒಯ್ದ ತಂಗಿಯ ಮನಸ್ಸಿನಲ್ಲಿ ಏನಿತ್ತೆಂದು ಯಾರೂ ಬರೆದಿಡಲಿಲ್ಲ.

20ನೆಯ ಶತಮಾನದ ನಡುವೆ ಪಾಶ್ಚಾತ್ಯ ದೇಶಗಳಲ್ಲಿ ಎರಡು ಸಂಗತಿಗಳು ನಡೆದವು. ಒಂದು, ಕೆಲವು ಪಂಡಿತರು ಸ್ಕಿಜೋಫ್ರೇನಿಯಾಕ್ಕೆ ಮನೆಯವರೇ ಕಾರಣ ಎಂದರು. 1948ರಲ್ಲಿ ಅಮೆರಿಕದ ಫ್ರೀಡಾ ಫ್ರಾಮ್-ರೈಶ್‌ಮನ್ ಎಂಬ ವೈದ್ಯೆ ತಾಯಿಯ ಸ್ವಭಾವದ ಮೇಲೆ ಬೆರಳಿಟ್ಟರು. 1956ರಲ್ಲಿ ಗ್ರೆಗರಿ ಬೇಟ್ಸನ್ ಮತ್ತು ಸಂಗಡಿಗರು ಮನೆಯೊಳಗಿನ ಎರಡು ನಾಲಗೆಯ ಮಾತುಗಳನ್ನು ದೂರಿದರು. ಈ ವಾದಗಳು ಮುಂದೆ ನಿಲ್ಲಲಿಲ್ಲ. ಆದರೆ ಅಷ್ಟರಲ್ಲಿ ಎಷ್ಟೋ ತಾಯಂದಿರು ಆ ಕಳಂಕ ಹೊತ್ತು ಸತ್ತರು; ತಾಯಿಯನ್ನು ಹಾಗೆ ಕಂಡ ಉಳಿದ ಮಕ್ಕಳು ಬಾಯಿ ಬಿಡದೆ ಬೆಳೆದರು. ಎರಡನೆಯದು, 1952ರಲ್ಲಿ ಪ್ಯಾರಿಸ್ಸಿನಲ್ಲಿ ಕ್ಲೋರ್‌ಪ್ರೊಮಜಿನ್ ಎಂಬ ಔಷಧಿ ಈ ರೋಗಕ್ಕೆ ನಾಟುತ್ತದೆಂದು ಗೊತ್ತಾಯಿತು. 1955ರಲ್ಲಿ ಅಮೆರಿಕದ ಸರಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ ಸುಮಾರು 5 ಲಕ್ಷ 58 ಸಾವಿರ ರೋಗಿಗಳಿದ್ದರು. ಮುಂದಿನ ದಶಕಗಳಲ್ಲಿ ಆ ವಾರ್ಡುಗಳು ಬರಿದಾದವು. ರೋಗಿಗಳಲ್ಲಿ ಬಹಳಷ್ಟು ಜನ ಮನೆಗೆ, ಅಂದರೆ ತಾಯಿತಂದೆಯರ ಬಳಿಗೆ ಬಂದರು. ತಾಯಿತಂದೆಯರಿಗೆ ವಯಸ್ಸಾದಾಗ? ಆಗ ಸರದಿ ಒಡಹುಟ್ಟಿದವರದು.

ಅದುವರೆಗೆ ಒಡಹುಟ್ಟಿದವರು ವಿಜ್ಞಾನಕ್ಕೆ ಬರೀ ಅಂಕೆಗಳು. ಅನುವಂಶೀಯತೆಯನ್ನು ಅಳೆಯುವವರು ಅವರನ್ನು ಎಣಿಸುತ್ತಿದ್ದರು. ಆ ಎಣಿಕೆಯಿಂದಲೂ ಒಂದು ಉಪಕಾರವಾಗಿದೆ, ಅದನ್ನು ಹೇಳಲೇಬೇಕು. ಸಾಮಾನ್ಯರಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಬರುವ ಸ್ಕಿಜೋಫ್ರೇನಿಯಾ, ರೋಗಿಯ ಒಡಹುಟ್ಟಿದವರಲ್ಲಿ ಅದಕ್ಕಿಂತ ಹೆಚ್ಚು ಮಂದಿಗೆ ಬರುತ್ತದೆ ನಿಜ. ಆದರೂ ಹತ್ತರಲ್ಲಿ ಒಂಬತ್ತು ಮಂದಿಗೆ ಬರುವುದಿಲ್ಲ. ನಮ್ಮ ತಂಗಿಗೆ ಬಂದ ಎರಡು ಸಂಬಂಧಗಳು ತಮ್ಮನ ಸುದ್ದಿ ತಿಳಿದು ಮುರಿದುಬಿದ್ದಾಗ ಈ ಲೆಕ್ಕವನ್ನು ಹೇಳುವವರು ಯಾರಾದರೂ ಇದ್ದಿದ್ದರೆ ಎಂದು ಈಗ ಅನಿಸುತ್ತದೆ. ನಾವು ಬಿ.ಎಸ್ಸಿ. ಓದಿದವರು, ಮೆಂಡೆಲನ ಬಟಾಣಿಯ ಪಾಠ ಒಪ್ಪಿಸಿದವರು. ಆದರೂ ರಾತ್ರಿ ನಿದ್ದೆ ಬಾರದಿದ್ದರೆ ‘ನನಗೂ ಶುರುವಾಯಿತೇ’ ಎಂದು ಕೈಕಾಲು ತಣ್ಣಗಾಗುತ್ತಿದ್ದುದು ಸುಳ್ಳಲ್ಲ.

1958ರಲ್ಲಿ ಇಂಗ್ಲೆಂಡಿನಲ್ಲಿ ಜಾರ್ಜ್ ಬ್ರೌನ್ ಎಂಬ ಸಮಾಜಶಾಸ್ತ್ರಜ್ಞ ಮತ್ತು ಜತೆಯವರು ಒಂದು ವಿಚಿತ್ರ ಸಂಗತಿಯನ್ನು ಕಂಡರು. ಆಸ್ಪತ್ರೆಯಿಂದ ಬಿಡುಗಡೆಯಾದ ಗಂಡಸರಲ್ಲಿ ತಾಯಿತಂದೆಯರ ಅಥವಾ ಹೆಂಡತಿಯ ಬಳಿಗೆ ಹೋದವರಿಗಿಂತ, ಬಾಡಿಗೆ ಕೋಣೆಗೋ ಒಡಹುಟ್ಟಿದವರ ಮನೆಗೋ ಹೋದವರು ಹೆಚ್ಚು ಚೆನ್ನಾಗಿ ಉಳಿದರು. ಇದರ ಬೆನ್ನು ಹತ್ತಿ ಹೋದಾಗ, ದಿನವೂ ಚುಚ್ಚಿ ಆಡುವ ಮಾತು ಮತ್ತು ಅತಿಯಾದ ಹಚ್ಚಿಕೊಳ್ಳುವಿಕೆ ಎರಡೂ ರೋಗ ಮರುಕಳಿಸುವುದಕ್ಕೆ ಎಡೆ ಮಾಡಿಕೊಡುತ್ತವೆ ಎಂದು ಮುಂದಿನ ಸಂಶೋಧನೆಗಳಲ್ಲಿ ತಿಳಿದುಬಂತು. ಸ್ವಲ್ಪ ದೂರ ಕಾಪಾಡಿಕೊಳ್ಳುವುದು ದ್ರೋಹವಲ್ಲ, ಅದು ರೋಗಿಗೂ ಒಳ್ಳೆಯದು. ಎಲ್ಲವನ್ನೂ ತಾನೇ ಹೊರಬೇಕೆಂದು ಹಟ ಹಿಡಿದ ಅಣ್ಣನಿಗೆ, ಅಕ್ಕನಿಗೆ ಇದು ತಿಳಿದಿರಬೇಕು.

ಈ ನಡುವೆ ಭಾರತದಲ್ಲಿ ಬೇರೊಂದು ದಾರಿ ತೆರೆದಿತ್ತು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಎಂಬವರು ರೋಗಿಗಳ ಮನೆಯವರನ್ನೂ ಆವರಣದೊಳಗೇ ಗುಡಾರ ಹಾಕಿಸಿ ಇರಿಸಿಕೊಂಡರು. ರೋಗವೆಂದರೇನೆಂದು ಮನೆಯವರಿಗೆ ತಿಳಿಸಿ ಹೇಳಿದರು. ವಾಸಿಯಾದವರನ್ನು ಮನೆಯವರೇ ಜೊತೆಗೆ ಕರೆದೊಯ್ದರು. 1957ರಲ್ಲಿ ವೆಲ್ಲೂರಿನಲ್ಲಿ ಆರಂಭವಾದ ಮಾನಸಿಕ ಆರೋಗ್ಯ ಕೇಂದ್ರದಲ್ಲೂ ಬಂಧುಗಳು ರೋಗಿಯ ಜೊತೆಯಲ್ಲೇ ಉಳಿಯುವ ಪದ್ಧತಿ ಬಂತು. ಬೆಂಗಳೂರಿನಲ್ಲಿ 1954ರಲ್ಲಿ ಡಾ. ಎಂ. ವಿ. ಗೋವಿಂದಸ್ವಾಮಿಯವರ ನಿರ್ದೇಶನದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. 1974ರಲ್ಲಿ ಅದೇ ನಿಮ್ಹಾನ್ಸ್ ಆಯಿತು. ಅಲ್ಲಿಯೂ ಮನೆಯವರನ್ನು ಚಿಕಿತ್ಸೆಯಲ್ಲಿ ಸೇರಿಸಿಕೊಳ್ಳುವ ಪ್ರಯತ್ನಗಳು ನಡೆದವು. ಚಂಡೀಗಢದ ಮನೆಗಳಲ್ಲಿ ರೋಗಿಯ ಮೇಲಿನ ಟೀಕೆ ಲಂಡನ್ನಿನ ಮನೆಗಳಿಗಿಂತ ಕಡಿಮೆ ಎಂದು 1987ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ನಾವು ಹೆಮ್ಮೆಪಡಬೇಕಾದ ಮಾತೇ ಇದು.

ಆದರೆ ಒಂದು ಮಾತು ಉಳಿಯುತ್ತದೆ. ನಮ್ಮಲ್ಲಿ ಮನೆಯವರನ್ನು ಒಳಗೆ ಕರೆದದ್ದು ಬಹುಮಟ್ಟಿಗೆ ಶುಶ್ರೂಷೆಗೆ: ಮಾತ್ರೆ ನುಂಗಿಸಲು, ಊಟ ಮಾಡಿಸಲು, ರಾತ್ರಿ ಕಾಯಲು. “ನಿಮ್ಮ ತಮ್ಮ ಸರಿಯಾಗಿ ಮಾತ್ರೆ ತಗೋತಾನಾ?” ಎಂದು ನಮ್ಮನ್ನು ಕೇಳಿದ ವೈದ್ಯರು ಅನೇಕರು. ತಪ್ಪಲ್ಲ, ಕೇಳಲೇಬೇಕಾದ ಪ್ರಶ್ನೆ. ಹನ್ನೊಂದನೆಯ ವರ್ಷದಲ್ಲಿ, 2015ರಲ್ಲಿ, ಒಬ್ಬ ಸಮಾಜ ಕಾರ್ಯಕರ್ತೆ ಕಡತ ಮುಚ್ಚಿಟ್ಟು “ನೀವು ಹೇಗಿದ್ದೀರಿ? ನಿದ್ದೆ ಬರುತ್ತಾ?” ಎಂದು ಕೇಳಿದರು. ನಮಗೆ ಉತ್ತರ ಹೊಳೆಯಲಿಲ್ಲ. ಹೊರಗೆ ಬಂದು ಬಾಕಿನ ಮೇಲೆ ಕೂತೆವು. ತಮ್ಮನೇ ಬಂದು “ಅಣ್ಣಾ, ಚಹಾ ಕುಡಿಯೋಣೇನು?” ಎಂದ.

ಮನೆಯವರು ಮನೆಯವರಿಗೇ ಆಸರೆಯಾಗಬೇಕು ಎಂಬ ವಿಚಾರ ಸಂಘಟನೆಯಾಗಿ ರೂಪುಗೊಂಡದ್ದು 1970ರ ನಂತರ. ಬ್ರಿಟನ್ನಿನಲ್ಲಿ ಒಬ್ಬ ತಂದೆ 1970ರಲ್ಲಿ ಪತ್ರಿಕೆಗೆ ಬರೆದ ಲೇಖನಕ್ಕೆ ಓಗೊಟ್ಟು ಜನ ಒಟ್ಟುಗೂಡಿ, 1972ರಲ್ಲಿ ನ್ಯಾಷನಲ್ ಸ್ಕಿಜೋಫ್ರೇನಿಯಾ ಫೆಲೋಶಿಪ್ ಕಟ್ಟಿದರು. ಅಮೆರಿಕದ ವಿಸ್ಕಾನ್‌ಸಿನ್ ರಾಜ್ಯದ ಮ್ಯಾಡಿಸನ್ ನಗರದಲ್ಲಿ 1979ರಲ್ಲಿ ಸೇರಿದ ಕುಟುಂಬಗಳಿಂದ ನ್ಯಾಷನಲ್ ಅಲಯನ್ಸ್ ಫಾರ್ ದಿ ಮೆಂಟಲಿ ಇಲ್ ಹುಟ್ಟಿತು. ಆದರೆ ತಾಯಿತಂದೆಯರ ಸಭೆಯಲ್ಲಿ ಒಡಹುಟ್ಟಿದವರು ಬಾಯಿ ಬಿಡಲಾರರು. ‘ನೀವು ಅವನನ್ನೇ ನೋಡಿದಿರಿ, ನನ್ನನ್ನು ನೋಡಲಿಲ್ಲ’ ಎಂದು ತಾಯಿಯ ಎದುರಿಗೆ ಹೇಗೆ ಹೇಳುವುದು? ಆದ್ದರಿಂದ 1980ರ ದಶಕದಲ್ಲಿ ಆ ಸಂಘಟನೆಯೊಳಗೇ ಒಡಹುಟ್ಟಿದವರ ಮತ್ತು ರೋಗಿಗಳ ವಯಸ್ಕ ಮಕ್ಕಳ ಬಳಗವೊಂದು ಬೇರೆಯಾಗಿ ಕೂಡತೊಡಗಿತು. 1983ರಲ್ಲಿ ಪ್ರಕಟವಾಗಿ ಸಾವಿರಾರು ಮನೆಗಳಿಗೆ ಕೈಪಿಡಿಯಾದ ಸ್ಕಿಜೋಫ್ರೇನಿಯಾ ಕುರಿತ ಪುಸ್ತಕವನ್ನು ಬರೆದ ಮನೋವೈದ್ಯ ಫುಲ್ಲರ್ ಟೋರಿ ಕೂಡ ಒಬ್ಬ ಅಣ್ಣ. ಅವರ ತಂಗಿಗೆ ಆ ರೋಗವಿತ್ತು.

ನಮ್ಮ ದೇಶದಲ್ಲಿ 1984ರಲ್ಲಿ ಡಾ. ಶಾರದಾ ಮೆನನ್ ಅವರು ಚೆನ್ನೈಯಲ್ಲಿ ಸ್ಕಾರ್ಫ್ ಸಂಸ್ಥೆ ಕಟ್ಟಿದರು. ಬೆಂಗಳೂರಿನಲ್ಲಿ 1990ರ ದಶಕದಲ್ಲಿ ಕುಟುಂಬದವರೇ ಸೇರಿ ಅಮೆಂಡ್ ಎಂಬ ಸಂಘ ಮಾಡಿಕೊಂಡರು. ಪುಣೆಯಲ್ಲಿ ಕೆನಡಾದಲ್ಲಿ ನೆಲೆಸಿದ್ದ ಪ್ರಾಧ್ಯಾಪಕ ಜಗನ್ನಾಥ ವಾಣಿಯವರ ಪ್ರಯತ್ನದಿಂದ ಸ್ಕಿಜೋಫ್ರೇನಿಯಾ ಅರಿವಿನ ಸಂಸ್ಥೆ ಹುಟ್ಟಿತು. ಅವರ ಪತ್ನಿಗೆ ಈ ರೋಗವಿತ್ತು. 2004ರಲ್ಲಿ ಸುಮಿತ್ರಾ ಭಾವೆ ಮತ್ತು ಸುನೀಲ ಸುಖಠಣಕರ ನಿರ್ದೇಶಿಸಿದ ‘ದೇವರಾಈ’ ಎಂಬ ಮರಾಠಿ ಚಿತ್ರವೂ ಈ ಬಳಗದ ನೆರವಿನಿಂದಲೇ ಬಂತು. ದೇವರಾಈ ಎಂದರೆ ನಮ್ಮ ದೇವರಕಾಡು. ಅದರ ಕಥೆಯಲ್ಲಿ ರೋಗಿಯನ್ನು ಸಂಭಾಳಿಸುವವಳು ತಾಯಿಯಲ್ಲ, ಹೆಂಡತಿಯಲ್ಲ. ಮದುವೆಯಾಗಿ ತನ್ನದೇ ಸಂಸಾರವಿರುವ ಸೋದರಿ. ಮುಂಬಯಿ, ಪುಣೆಯ ನಮ್ಮ ವಾಚಕರಿಗೆ ಸಿಕ್ಕರೆ ತಪ್ಪದೆ ನೋಡಬೇಕು.

ಇನ್ನು ಸರಕಾರದ ಕಾಗದಗಳು. ಇಲ್ಲಿ ನಾವು ತುಸು ಅಧಿಕಾರದಿಂದ ಮಾತನಾಡಬಹುದು. ಲ್ಯಾಂಬನ ಒಂಬತ್ತು ಪೌಂಡಿನ ನಂತರ 184 ವರ್ಷ ಕಳೆದು, 2009ರ ಆಗಸ್ಟ್‌ನಲ್ಲಿ ಭಾರತ ಸರಕಾರ ಒಂದು ಆದೇಶ ಹೊರಡಿಸಿತು. ಕೇಂದ್ರ ಸರಕಾರಿ ನೌಕರನನ್ನೇ ಅವಲಂಬಿಸಿದ, ಸ್ವಂತ ದುಡಿಮೆ ಸಾಧ್ಯವಾಗದಷ್ಟು ಅಂಗವೈಕಲ್ಯ ಅಥವಾ ಮಾನಸಿಕ ವೈಕಲ್ಯವುಳ್ಳ ಸೋದರ, ಸೋದರಿಯರೂ ಕುಟುಂಬ ಪಿಂಚಣಿಗೆ ಅರ್ಹರು ಎಂದು ಅದರಲ್ಲಿ ಹೇಳಲಾಯಿತು. ಪತಿ, ಪತ್ನಿ, ಮಕ್ಕಳು, ತಾಯಿತಂದೆಯರ ನಂತರ ಅವರ ಸರದಿ. ವೈದ್ಯಕೀಯ ಪ್ರಮಾಣಪತ್ರ ಬೇಕು, ಕುಟುಂಬ ವಿವರದ ನಮೂನೆಯಲ್ಲಿ ಹೆಸರು ಬರೆದಿಟ್ಟರೆ ಮುಂದೆ ಅಲೆದಾಟ ತಪ್ಪುತ್ತದೆ. 2004ರ ಜನವರಿ 1 ಮತ್ತು ಆಮೇಲೆ ಸೇರಿದವರ ಪಿಂಚಣಿ ವ್ಯವಸ್ಥೆ ಬೇರೆ. ಅವರು ತಮ್ಮ ಕಚೇರಿಯಲ್ಲಿ ವಿಚಾರಿಸಬೇಕು. 2018ರ ಅಕ್ಟೋಬರಿನ ಇನ್ನೊಂದು ಆದೇಶದಂತೆ, ಪ್ರಮಾಣಿತ ವೈಕಲ್ಯವುಳ್ಳ ಅವಲಂಬಿತ ಸೋದರ, ಸೋದರಿಯನ್ನು ನೋಡಿಕೊಳ್ಳುವ ನೌಕರನಿಗೆ ಆಡಳಿತದ ಅನುಕೂಲಕ್ಕೆ ಒಳಪಟ್ಟು ಸರದಿ ವರ್ಗಾವಣೆಯಿಂದ ವಿನಾಯಿತಿ ಸಿಗಬಹುದು. ನಮ್ಮ ಕಚೇರಿಯಲ್ಲೇ ಈ ಎರಡನ್ನೂ ಅರಿಯದವರು ಬಹಳ ಮಂದಿ.

2018ರ ಮೇ ತಿಂಗಳಿನಿಂದ ಜಾರಿಯಲ್ಲಿರುವ, 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯ 18ನೆಯ ಕಲಮು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ರೋಗಿಯ ಕುಟುಂಬಕ್ಕೆ ಆಸರೆಯಾಗುವ ಸೇವೆಗಳನ್ನೂ ಸರಕಾರ ಒದಗಿಸಬೇಕೆಂದು ಅದು ಹೇಳುತ್ತದೆ. 1858ರ ಕಾಯಿದೆಯಿಂದ ಇಲ್ಲಿಗೆ ಬರಲು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು. ಕಾಗದದ ಮೇಲಿನದು ನೆಲಕ್ಕಿಳಿಯಲು ಇನ್ನೆಷ್ಟು ಕಾಲವೋ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿಮಾನಸ್ ಎಂಬ ದೂರವಾಣಿ ಸೇವೆ 14416 ಸಂಖ್ಯೆಯಲ್ಲಿ ಹಣವಿಲ್ಲದೆ ದೊರೆಯುತ್ತದೆ, ಭಾಷೆಯನ್ನು ಆರಿಸಿಕೊಳ್ಳಬಹುದು. ರೋಗಿಯೇ ಮಾಡಬೇಕೆಂದಿಲ್ಲ, ರೋಗಿಯ ಅಕ್ಕನೂ ಮಾಡಬಹುದು.

ಪರನಾಡಿನಲ್ಲಿರುವ ನಮಗೆ ಇದೆಲ್ಲ ಇನ್ನಷ್ಟು ತೊಡಕು. ಊರಲ್ಲಿ ಉಳಿದವರು ‘ನೀನು ಅಲ್ಲಿ ಹಾಯಾಗಿದ್ದೀ’ ಎನ್ನುತ್ತಾರೆ. ನಾವು ತಿಂಗಳು ತಿಂಗಳು ಹಣ ಕಳಿಸಿ, ಅದರಿಂದಲೇ ಋಣ ತೀರಿತೆಂದು ನಂಬಲು ನೋಡುತ್ತೇವೆ, ನಂಬಿಕೆ ಬರುವುದಿಲ್ಲ. ತಾಯಿತಂದೆಯರು ಇರುವವರೆಗೆ ಹೊಲದ ಹಿಸ್ಸೆಯ ಮಾತಾಡುತ್ತೇವೆ, ತಮ್ಮನ ಹಿಸ್ಸೆಯ ಹೊಣೆ ಯಾರದೆಂದು ಮಾತಾಡುವುದಿಲ್ಲ. ನಮ್ಮ ತಂದೆ 2011ರಲ್ಲಿ ಹೋದರು. ತಾಯಿ 2019ರಲ್ಲಿ ಹೋಗುವ ಮುಂಚೆ “ಅವನ್ನ ನೋಡ್ಕೋ” ಎಂದಷ್ಟೇ ಹೇಳಿದರು. ತಮ್ಮ ಈಗ ನಮ್ಮ ಸರಕಾರಿ ಕ್ವಾರ್ಟರ್ಸಿನಲ್ಲೇ ಇದ್ದಾನೆ. ಬೆಳಿಗ್ಗೆ ಹಾಲು ತರುತ್ತಾನೆ, ನಮ್ಮ ಮಗಳ ಸೈಕಲ್ಲಿಗೆ ಗಾಳಿ ಹಾಕುತ್ತಾನೆ. ಕೆಲವು ದಿನ ಬಾಗಿಲು ಹಾಕಿಕೊಳ್ಳುತ್ತಾನೆ. ನಮ್ಮ ತಂಗಿ ವರ್ಷಕ್ಕೆ ಒಂದು ತಿಂಗಳು ಅವನನ್ನು ತನ್ನ ಮನೆಗೆ ಕರೆದೊಯ್ಯುತ್ತಾಳೆ. ಆ ತಿಂಗಳು ನಾವು ಗಂಡಹೆಂಡಿರು ನಿದ್ದೆ ಮಾಡುತ್ತೇವೆ. ಇದನ್ನು ಬರೆಯಲು ಈಗ ಸಂಕೋಚವಿಲ್ಲ.

ನಿಮ್ಹಾನ್ಸ್ 2015-16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ 0.8 ಮಂದಿ ಆ ಕಾಲಕ್ಕೆ ತೀವ್ರ ಮಾನಸಿಕ ರೋಗದಿಂದ ಬಳಲುತ್ತಿದ್ದರು. ಒಬ್ಬೊಬ್ಬ ರೋಗಿಗೆ ಇಬ್ಬರು ಮೂವರು ಒಡಹುಟ್ಟಿದವರೆಂದು ಹಿಡಿದರೆ, ನಮ್ಮ ಸಂಘದ ರಾಜ್ಯೋತ್ಸವದ ಸಭಾಂಗಣದಲ್ಲಿ ‘ಊರಾಗ ಹೊಲಾ ನೋಡ್ಕೊಂಡಿದ್ದಾನ್ರಿ’ ಎನ್ನುವವರು ನಾವೊಬ್ಬರೇ ಆಗಿರಲಾರೆವು.

ಆದ್ದರಿಂದ ಕಾರ್ಯಕಾರಿ ಸಮಿತಿಗೆ ನಮ್ಮ ಒಂದು ವಿನಂತಿ. ತಿಂಗಳಿಗೊಂದು ಭಾನುವಾರ, ವಾಚನಾಲಯ ಮುಚ್ಚಿದ ಮೇಲೆ, ಒಂದು ತಾಸು ಆ ಕೋಣೆಯನ್ನು ಇಂಥವರಿಗೆ ಬಿಟ್ಟುಕೊಡಬೇಕು. ಭಾಷಣ ಬೇಡ, ಹಾರ ಬೇಡ, ವರದಿ ಬರೆಯುವುದೂ ಬೇಡ. ಚಹಾದ ಖರ್ಚು ನಾವು ಕೊಡುತ್ತೇವೆ. ಯಾರೂ ಬರದಿದ್ದರೆ ಮೊದಲ ಮೂರು ತಿಂಗಳು ನಾವು, ನಮ್ಮ ತಂಗಿ ಊರಿಂದ ಬಂದಿದ್ದರೆ ಅವಳೂ, ಕೂತು ಬರುತ್ತೇವೆ.